ನಲವತ್ತೊಂದನೇ ಪ್ರಾಣಿ

ಪ್ರಯೋಗಾಲಯದ ಪ್ರಾಣಿಗೃಹದ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಹೋಳೂರಿಗೆ ಬರುತ್ತಾರೆ. ಬಂದವರು ಮೊದಲು ಕೇಳುವ ಪ್ರಶ್ನೆ, "ಬೆಕ್ಕು ಕಚ್ಚುತ್ತಾ ಸಾರ್?" ಕಚ್ಚುತ್ತದೆ. ಇಲಿಯೂ ಕಚ್ಚುತ್ತದೆ, ಒಮ್ಮೊಮ್ಮೆ ಮೇಲಧಿಕಾರಿಯೂ ಕಚ್ಚುತ್ತಾರೆ. ಅದಕ್ಕೆಲ್ಲ ಟಿಂಚರ್ ಇದೆ. ಔಷಧಿ ಕಪಾಟಿನ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳಲೇಬೇಕಾದ ಸಂಗತಿ ಅದು. ಅದಕ್ಕಾಗಿಯೇ ಇದನ್ನು ಬರೆಯಲು ಕೂತಿದ್ದೇನೆ. ಯಾವ ವರ್ಷ ನನಗೆ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದವರು ನೋಡಿಕೊಳ್ಳಲಿ.

ನಾನು ಕೆಲಸಕ್ಕೆ ಸೇರಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಮಾಲೂರಿನ ಹೊರಗೆ ಮುಚ್ಚಿಹೋಗಿದ್ದ ಹೆಂಚಿನ ಕಾರ್ಖಾನೆಯೊಂದನ್ನು ಬಾಡಿಗೆಗೆ ಹಿಡಿದಿದ್ದರು. ಅವರಿಗೆ ಬೇಕಾಗಿದ್ದು ಅದರ ಚಿಮಣಿ. ಬಾಹ್ಯಾಕಾಶಕ್ಕೆ ಹೋದ ಪ್ರಾಣಿಗೆ ತೂಕ ಇರುವುದಿಲ್ಲವಲ್ಲ, ಆ ಸ್ಥಿತಿಯನ್ನು ರಾಕೆಟ್ಟಿಲ್ಲದೆ ನೋಡಬೇಕೆಂದರೆ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ಎತ್ತರದಿಂದ ಕೈಬಿಡಬೇಕು. ಪೆಟ್ಟಿಗೆ ಬೀಳುವಷ್ಟು ಹೊತ್ತು ಅದರೊಳಗೆ ಯಾವುದಕ್ಕೂ ತೂಕವಿಲ್ಲ. ನಮ್ಮ ಚಿಮಣಿಯೊಳಗೆ ಅದು ಎರಡು ಸೆಕೆಂಡಿನಷ್ಟು. ಆ ಎರಡು ಸೆಕೆಂಡಿಗಾಗಿ ನಾನು ಮೊದಲ ಒಂದು ತಿಂಗಳು ಚಿಮಣಿಯ ಮಸಿ ಕೆರೆದೆ. ಮನೆಗೆ ಹೋದಾಗ ಅಮ್ಮ, "ವಿಜ್ಞಾನದ ಕೆಲಸ ಅಂದ್ಯಲ್ಲೋ, ಇದೇನ್ಲಾ ಇದ್ದಿಲು ಮಾರೋನಂಗೆ ಬಂದಿದೀಯ" ಎಂದಳು.

ಕೇಂದ್ರಕ್ಕೆ ಮುಖ್ಯಸ್ಥರಾಗಿದ್ದವರನ್ನು ನಾವು ಸಾಹೇಬರು ಎಂದೇ ಕರೆಯುತ್ತಿದ್ದೆವು. ಹೊರದೇಶದಲ್ಲಿ ಓದಿ ಬಂದವರು, ಸಿಟ್ಟು ಮೂಗಿನ ತುದಿಯಲ್ಲಿ. ಕನ್ನಡವನ್ನು ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದರು. ಮೊದಲ ಸಲ ಪೆಟ್ಟಿಗೆ ಬಿಟ್ಟಾಗ ಕೆಳಗೆ ಬೆಂಗಳೂರಿನಿಂದ ತಂದ ಸ್ಪಂಜಿನ ಹಾಸಿಗೆಗಳಿದ್ದವು. ಪೆಟ್ಟಿಗೆ ಬಿದ್ದು, ಚೆಂಡಿನಂತೆ ಪುಟಿದು, ಗೋಡೆಗೆ ಬಡಿದು ಕ್ಯಾಮೆರಾ ಚೂರಾಯಿತು, ಮೀನು ಸತ್ತಿತು. ಮೂರನೆಯ ಸಲವೂ ಹಾಗೇ ಆದಾಗ ನಾನು ಬಾಯಿ ತಡೆಯಲಾರದೆ, "ಸಾರ್, ರಾಗಿ ಹುಲ್ಲು ಹಾಕಿ ನೋಡೋಣ. ನಾವು ಚಿಕ್ಕವರಿದ್ದಾಗ ಹುಣಸೇಮರದಿಂದ ಮೆದೆ ಮೇಲಕ್ಕೆ ನೆಗೀತಿದ್ವಿ, ಏನೂ ಆಗ್ತಿರಲಿಲ್ಲ" ಎಂದೆ. ಸಾಹೇಬರು ನಕ್ಕರು. ಮರುವಾರ ಎರಡು ಗಾಡಿ ಹುಲ್ಲು ಬಂತು. ಪೆಟ್ಟಿಗೆ ಹುಲ್ಲಿನೊಳಗೆ ಹೂತುಹೋಯಿತು, ಅಲುಗಾಡಲಿಲ್ಲ. ಕೇಂದ್ರ ಮುಚ್ಚುವವರೆಗೂ ನಾವು ಬಳಸಿದ್ದು ಅದೇ ಹುಲ್ಲು.

ಆ ಪೆಟ್ಟಿಗೆಯಲ್ಲಿ ತೆಗೆದ ಮೊದಲ ಫಿಲ್ಮನ್ನು ಗೋಡೆಯ ಮೇಲೆ ಬಿಟ್ಟು ನಿಧಾನವಾಗಿ ತೋರಿಸಿದಾಗ ನಾನು ದಂಗಾಗಿ ನಿಂತೆ. ಗಾಜಿನ ಡಬ್ಬಿಯಲ್ಲಿದ್ದದ್ದು ನಮ್ಮೂರ ಕೆರೆಯಿಂದ ನಾನೇ ಹಿಡಿದು ತಂದಿದ್ದ ಬೆರಳುದ್ದದ ಮೀನು. ಹುಟ್ಟಿದಾಗಿನಿಂದ ನೀರಲ್ಲೇ ಇರುವ ಜೀವ. ಪೆಟ್ಟಿಗೆ ಬೀಳಲು ಶುರುವಾದ ಕೂಡಲೇ ಅದು ಬಾಲ ಬಡಿದು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯದೆ, ತಲೆಕೆಳಗಾಗಿ ಲಾಗ ಹಾಕಿತು.

"ಮೀನಿಗೂ ದಿಕ್ಕು ತಪ್ಪುತ್ತಾ ಸಾರ್?" ಎಂದೆ.

ಸಾಹೇಬರು ಅಂದು ಖುಷಿಯಲ್ಲಿದ್ದರು. "ನೋಡು ನಾರಾಯಣಸ್ವಾಮಿ, ನಿನ್ನ ಕಿವಿಯ ಒಳಗೆ ಸುಣ್ಣದ ಹರಳುಗಳಿವೆ. ರಾಗಿಕಾಳಿಗಿಂತ ಬಹಳ ಸಣ್ಣವು. ಅವುಗಳ ಅಡಿಯಲ್ಲಿ ಕೂದಲಿನಂಥ ಎಳೆಗಳಿವೆ. ನೀನು ತಲೆ ವಾಲಿಸಿದರೆ ಹರಳುಗಳು ಜಾರಿ ಎಳೆಗಳನ್ನು ಬಗ್ಗಿಸುತ್ತವೆ. ನೆಲ ಎತ್ತ ಇದೆ ಎಂದು ಮೆದುಳಿಗೆ ಆಗ ತಿಳಿಯುತ್ತದೆ. ಮೀನಿಗೂ ಹಾಗೆಯೇ, ಕಪ್ಪೆಗೂ ಹಾಗೆಯೇ. ತೂಕವೇ ಇಲ್ಲದ ಕಡೆ ಹರಳು ಯಾವ ಎಳೆಯನ್ನು ಒತ್ತಬೇಕು?"

ಹೊರದೇಶದವರು ಆಗಲೇ ಕಪ್ಪೆ, ಮೀನುಗಳನ್ನು ಆಕಾಶಕ್ಕೆ ಕಳಿಸಿದ್ದರು. ಆ ವರದಿಗಳು ಅಂಚೆಯಲ್ಲಿ ಬಂದಾಗ ಸಾಹೇಬರು ನಮ್ಮನ್ನೆಲ್ಲ ಕೂರಿಸಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರು. ಮೀನುಗಳು ಅಲ್ಲಿ ಮೊದಮೊದಲು ಸುತ್ತು ಹೊಡೆಯುತ್ತವೆ, ಕೆಲವು ದಿನಕ್ಕೆ ಹೊಂದಿಕೊಳ್ಳುತ್ತವೆ. ನೆಲಕ್ಕೆ ವಾಪಸು ಬಂದ ಪ್ರಾಣಿಗಳಲ್ಲಿ ಕೆಲವು ಮತ್ತೆ ತೂರಾಡುತ್ತವೆ, ಆಮೇಲೆ ಸರಿಹೋಗುತ್ತವೆ. "ಹರಳಿನ ತೂಕ ಮರಳಿ ಬಂತಲ್ಲ, ಅದಕ್ಕೆ" ಎನ್ನುತ್ತಿದ್ದರು. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಊರವರ ಬಾಯಲ್ಲಿ ಸಾಹೇಬರು ಬಹುಬೇಗ 'ಕಿವಿ ಡಾಕ್ಟ್ರು' ಆದರು. ಕಿವಿ ಸೋರುವ ಮಕ್ಕಳು, ಹುಳ ಹೊಕ್ಕವರು, ಹರಳೆಣ್ಣೆ ಬಿಟ್ಟುಕೊಂಡು ಕಿವಿ ಕಟ್ಟಿಸಿಕೊಂಡವರು ಗೇಟಿನ ಮುಂದೆ ಕೂರತೊಡಗಿದರು. ಶ್ರೀನಿವಾಸಪುರದ ಕಡೆಯ ಒಬ್ಬ ಮಾವಿನ ತೋಪಿನ ಯಜಮಾನರು ತಮ್ಮ ಕಿವುಡು ಅತ್ತೆಯನ್ನು ಗಾಡಿಯಲ್ಲಿ ಕರೆತಂದು, ಒಂದು ಬುಟ್ಟಿ ಹಣ್ಣನ್ನು ಸಾಹೇಬರ ಮೇಜಿನ ಮೇಲಿಟ್ಟರು. ಸಾಹೇಬರು, "ನಾನು ಚಿಕಿತ್ಸೆ ಕೊಡುವ ವೈದ್ಯನಲ್ಲ, ಮೀನಿನ ಕಿವಿ ನೋಡುವವನು" ಎಂದರೆ ಯಾರು ನಂಬಬೇಕು? ಅಳಿಯ ಕಿವಿಯ ಹತ್ತಿರ ಕೂಗಿ ಹೇಳಿದ ಮೇಲೆ ಆ ಅಜ್ಜಿ ತೆಲುಗಿನಲ್ಲಿ, "ಮೀನಿಗೆ ನೋಡಿದೋರು ನನಗೆ ನೋಡಲ್ವಾ" ಎಂದು ಜಗಳಕ್ಕೇ ಬಂದಳು. ಸಾಹೇಬರು ಕೊನೆಗೂ ಒಂದು ದೀಪ ತಂದು ಅವಳ ಕಿವಿ ನೋಡಿ, ಗುಗ್ಗೆ ತೆಗೆದು ಕಳಿಸಿದರು. ಅಜ್ಜಿಗೆ ಕಿವಿ ಕೇಳಿಸಿಬಿಟ್ಟಿತು. ಆಮೇಲೆ ಒಂದು ತಿಂಗಳು ಗೇಟಿನ ಹತ್ತಿರ ಜಾತ್ರೆ.

ಮೂರ್ನಾಲ್ಕು ವರ್ಷ ಕಳೆದ ಮೇಲೆ ಬೆಕ್ಕುಗಳ ಕೆಲಸ ಶುರುವಾಯಿತು. ಎರಡು ಸೆಕೆಂಡಿನ ತೂಕವಿಲ್ಲದ ಸ್ಥಿತಿ ಸಾಲದು, ವಾರಗಟ್ಟಲೆ ಕಿವಿಯಿಂದ ಸುದ್ದಿಯೇ ಬರದಿದ್ದರೆ ಪ್ರಾಣಿ ಹೇಗೆ ಬದುಕುತ್ತದೆ ಎಂದು ನೋಡಬೇಕಾಗಿತ್ತು. ಅದಕ್ಕೆ ಸಾಹೇಬರು ಬಳಸಿದ್ದು ಸ್ಟ್ರೆಪ್ಟೋಮೈಸಿನ್ ಎಂಬ ಔಷಧಿ. ಸಣ್ಣ ಸೀಸೆಯಲ್ಲಿ ಬಿಳಿ ಪುಡಿ. ನೀರು ಬೆರೆಸಿ ದಿನವೂ ಸೂಜಿ ಹಾಕಿದರೆ ಕಿವಿಯೊಳಗಿನ ಆ ಎಳೆಗಳು ಸಾಯುತ್ತವೆ. ಬೆಕ್ಕುಗಳನ್ನು ಹಿಡಿಯುವುದು, ಸೂಜಿ ಹಾಕುವುದು, ದಿನವೂ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು, ಜೊತೆಗೆ ಔಷಧಿ ಕಪಾಟಿನ ಬೀಗದ ಕೈ, ಎಲ್ಲ ನನ್ನ ಪಾಲಿಗೆ ಬಂತು. ಪ್ರತಿ ಬೆಕ್ಕಿಗೂ ಒಂದು ಪುಟ, ಪುಟದ ಮೇಲೆ ಪ್ರಾಣಿ ಸಂಖ್ಯೆ. ನಿಲ್ಲುವುದು, ನಡೆಯುವುದು, ಕಣ್ಣು ಮುಚ್ಚಿದಾಗ, ತಲೆ, ಆಹಾರ, ಹೀಗೆ ಐದು ಕಲಂ. ಈಗ ನಿಮಗೆ ಯಂತ್ರಗಳಿವೆ, ಗೆರೆ ತಾನಾಗಿ ಬರೆದುಕೊಳ್ಳುತ್ತದೆ. ನಮಗೆ ಎರಡು ಕಣ್ಣು, ಒಂದು ಪೆನ್ನು ಅಷ್ಟೇ ಇದ್ದದ್ದು.

ಮೊದಲ ಬೆಕ್ಕು ನೆಲೆ ತಪ್ಪಿದ ದಿನ ನನಗೆ ಊಟ ಸೇರಲಿಲ್ಲ. ಹಿಂದಿನ ವಾರ ಗೋಡೆಯ ಮೇಲೆ ಓಡುತ್ತಿದ್ದ ಬೆಕ್ಕು, ಕಾಲುಗಳನ್ನು ಅಗಲಿಸಿಕೊಂಡು, ತಲೆ ಅಲುಗಾಡಿಸುತ್ತಾ ನಿಂತಿತ್ತು. ಬೆಳಕಿನಲ್ಲಿ ಹೇಗೋ ನಡೆಯುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದೊಡನೆ ಬುಡ ಕಡಿದ ಬಾಳೆಗಿಡದ ಹಾಗೆ ಪಕ್ಕಕ್ಕೆ ಬಿತ್ತು. "ಕಿವಿ ಹೋಯಿತು, ಇನ್ನು ಅದಕ್ಕೆ ಕಣ್ಣೇ ಕಿವಿ" ಎಂದರು ಸಾಹೇಬರು. ನಾನು ಕೇಳಿದೆ, "ಇದು ಕ್ಷಯರೋಗದೋರಿಗೆ ಕೊಡೋ ಔಷಧಿ ಅಲ್ವಾ ಸಾರ್?" ಅವರು ಬರೆಯುತ್ತಲೇ, "ಹೌದು. ಅವರಿಗೆ ಅಳತೆಯಲ್ಲಿ ಕೊಡುತ್ತಾರೆ, ಜೀವ ಉಳಿಸುತ್ತದೆ. ನಾವು ಕೊಡುವುದು ಅಳತೆ ಮೀರಿ" ಎಂದರು. ಜೀವ ಉಳಿಸುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿಯಿತು.

ಒಂದು ಸಲ ಹದಿನೇಳನೆಯ ಬೆಕ್ಕು ಬೋನಿನಿಂದ ತಪ್ಪಿಸಿಕೊಂಡು ಮಾಲೂರಿನ ಬೀದಿಗೆ ಇಳಿಯಿತು. ಅದು ತೂರಾಡುತ್ತಾ ನಡೆಯುವುದನ್ನು ಕಂಡ ಜನಕ್ಕೆ ನಮ್ಮ ಕಾರ್ಖಾನೆಯಲ್ಲಿ ನಡೆಯುವುದೇನೆಂದು ಖಾತ್ರಿಯಾಗಿಹೋಯಿತು. ಮರುದಿನವೇ ಅಬಕಾರಿ ಇಲಾಖೆಯ ಒಬ್ಬ ಪೇದೆ ಬಂದ. ಚಿಮಣಿ ನೋಡಿದ, ಸೀಸೆ ನೋಡಿದ, ಬೆಕ್ಕುಗಳ ಬಾಯಿ ಮೂಸಿ ನೋಡಿದ. "ಸಾರಾಯಿ ವಾಸ್ನೆ ಇಲ್ಲ, ಆದ್ರೂ ಕುಡಿದಂಗೆ ಆಡ್ತವೆ" ಎಂದು ತಲೆ ಕೆರೆದುಕೊಂಡು ಹೋದ. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ಕಥೆಯನ್ನು ನಾನು ಬೈರಕೂರಿಗೆ ಹೋದಾಗ ಅಕ್ಕನಿಗೂ ಹೇಳಿ ನಗಿಸಿದ್ದೆ.

ಈಗ ಅಕ್ಕನ ವಿಷಯ. ಅವಳ ಹೆಸರು ಪಾಪಮ್ಮ. ಮುಳಬಾಗಿಲು ತಾಲ್ಲೂಕಿನ ಬೈರಕೂರಿಗೆ ಕೊಟ್ಟಿತ್ತು. ಭಾವ ರೆಡ್ಡೆಪ್ಪ, ತರಕಾರಿ ಮತ್ತು ಹಿಪ್ಪುನೇರಳೆ ತೋಟದವರು, ಮಾತು ಕಡಿಮೆ, ದುಡಿಮೆ ಜಾಸ್ತಿ. ಅಕ್ಕನಿಗೆ ಕೆಮ್ಮು ಹಿಡಿದು, ಕಫದಲ್ಲಿ ರಕ್ತ ಬಂದು, ಮುಳಬಾಗಿಲಿನ ಆಸ್ಪತ್ರೆಯಲ್ಲಿ ಕ್ಷಯ ಎಂದರು. ಮಾತ್ರೆ ಜೊತೆಗೆ ದಿನಕ್ಕೊಂದು ಸೂಜಿ. ಅವಳು ಬಸ್ಸು ಹಿಡಿದು ದಿನವೂ ಹೋಗಿ ಹಾಕಿಸಿಕೊಂಡು ಬರುತ್ತಿದ್ದಳು. ಬಸ್ಸು ತಪ್ಪಿದ ದಿನ ಸೂಜಿಯೂ ತಪ್ಪುತ್ತಿತ್ತು. ಇದನ್ನು ಅಮ್ಮ ಹೇಳಿದಾಗ ನನಗೆ ತಟ್ಟನೆ ನಮ್ಮ ಕಪಾಟು ನೆನಪಾಯಿತು. ಅದೇ ಔಷಧಿ, ಅದೇ ಸೀಸೆ!

ಬೆಕ್ಕು ನೆಲೆ ತಪ್ಪಿದ ಕೂಡಲೇ ಸೂಜಿ ನಿಲ್ಲಿಸಿ, ಹಲಗೆಯ ಮೇಲೆ ಮತ್ತೆ ನಡೆಯುವುದನ್ನು ಕಲಿಸುತ್ತಿದ್ದೆವು. ಅದರ ಪಾಲಿನ ಸೀಸೆಗಳು ಉಳಿಯುತ್ತಿದ್ದವು. ಪ್ರತಿ ಸೀಸೆಯ ಲೇಬಲ್ ಮೇಲೆ ನಾನು ನೀಲಿ ಶಾಯಿಯಲ್ಲಿ ಕಿವಿ ಪ್ರಯೋಗದ್ದೆಂದು 'ಕಿ' ಎಂದು ಬರೆದು ಕೆಳಗೆ ಬೆಕ್ಕಿನ ಸಂಖ್ಯೆ ಹಾಕಬೇಕಿತ್ತು, ಉಳಿದದ್ದನ್ನು ಒಡೆದು ಹೂಳಬೇಕಿತ್ತು. ನಾನು ರಿಜಿಸ್ಟರಿನಲ್ಲಿ 'ನಾಶಪಡಿಸಲಾಗಿದೆ' ಎಂದು ಬರೆದು, ಸೀಸೆಗಳನ್ನು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಬೈರಕೂರಿಗೆ ಹೋಗಿ ಭಾವನ ಕೈಗೆ ಕೊಟ್ಟು, "ಆಸ್ಪತ್ರೆಗೆ ಹೋಗೋಕೆ ಆಗದೆ ಇದ್ದ ದಿನ ಇಲ್ಲೇ ಊರಲ್ಲಿ ಹಾಕಿಸಿ ಭಾವ" ಎಂದೆ. ಅಕ್ಕ ಊರೆಲ್ಲ ಹೇಳಿಕೊಂಡಳು, "ನನ್ನ ತಮ್ಮ ಆಕಾಶದ ಆಫೀಸಿಂದ ಔಷಧಿ ತಂದವ್ನೆ." ನನಗೂ ಎದೆ ಉಬ್ಬಿತ್ತು. ಹಾಗೆ ಎರಡು ತಿಂಗಳಲ್ಲಿ ಮೂರು ಸಲ ಕೊಂಡೊಯ್ದೆ.

ನಾಲ್ಕನೆಯ ಸಲ ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಅಕ್ಕ ಖಾರ ರುಬ್ಬುತ್ತಿದ್ದವಳು ನನ್ನನ್ನು ಕಂಡು, "ಬಾರೋ, ಮುಖ ತೊಳ್ಕೊಂಡು ಬರ್ತೀನಿ" ಎಂದು ಬಚ್ಚಲಿಗೆ ಹೋದಳು. ಕಾಲು ಅಗಲಿಸಿಕೊಂಡು ನಡೆದಂತೆ ಕಂಡಿತು, ಸುಸ್ತಿರಬೇಕು ಎಂದುಕೊಂಡೆ. ಮುಖಕ್ಕೆ ಸೋಪು ಹಚ್ಚಿದಳು, ಕಣ್ಣು ಮುಚ್ಚಿದಳು, ಚೊಂಬಿಗೆ ಕೈ ಚಾಚಿದಳು. ಮರುಕ್ಷಣ ಪಕ್ಕಕ್ಕೆ ಬಿದ್ದಳು. ಕೈ ಊರಿಕೊಳ್ಳಲೂ ಇಲ್ಲ. ಹಂಡೆಯ ಅಂಚು ಹಣೆಗೆ ತಗುಲಿ ರಕ್ತ ಬಂತು.

ನಾನು ಓಡಿಹೋಗಿ ಎತ್ತಬೇಕಿತ್ತು. ನಿಂತಲ್ಲೇ ನಿಂತಿದ್ದೆ. ಆ ಬೀಳುವ ರೀತಿಯನ್ನು ನಾನು ನಲವತ್ತು ಸಲ ನೋಡಿದ್ದೆ, ನಲವತ್ತು ಸಲ ನನ್ನ ಕೈಯಾರೆ ಬರೆದಿದ್ದೆ.

ಒಳಗಿನಿಂದ ಬಂದ ಅಕ್ಕನ ಅತ್ತೆ ಅವಳನ್ನು ಎತ್ತುತ್ತಾ ನನ್ನತ್ತ ತಿರುಗಿ, "ಚೂಸ್ತಿವಾ ನಾಯನಾ, ರೋಜೂ ಇದೇ ಭಾಗೋತಂ" ಎಂದರು. ದಿನವೂ ಇದೇ ಆಟವಂತೆ. ಆಮೇಲೆ ಅಡುಗೆಮನೆಗೆ ಕರೆದು ಪಿಸುಗುಟ್ಟಿದರು, "ಊರಲ್ಲಿ ಸೇಂದಿ ಕುಡೀತಾಳೆ ಅಂತಾರಪ್ಪ. ನಿಮ್ಮ ಭಾವನೂ ಸಂಜೆ ತೋಟದಿಂದ ಬಂದೋರು ಮೊದಲು ಅವಳ ಬಾಯಿ ಮೂಸಿ ನೋಡ್ತಾರೆ." ಅಬಕಾರಿ ಪೇದೆ ಬೆಕ್ಕಿನ ಬಾಯಿ ಮೂಸಿದ್ದಕ್ಕೆ ನಾನು ನಕ್ಕಿದ್ದು ನೆನಪಾಯಿತು.

ಅಕ್ಕನ ಹಣೆಗೆ ಬಟ್ಟೆ ಕಟ್ಟುತ್ತಾ, "ತಲೆ ತಿರುಗುತ್ತಾ ಅಕ್ಕ?" ಎಂದು ಕೇಳಿದೆ.

"ತಲೆ ಏನೂ ತಿರುಗಲ್ಲ ಕಣೋ. ನೆಲಾನೇ ಜಾರಿಹೋಗುತ್ತೆ. ನಡೆಯೋವಾಗ ಎದುರಿಗೆ ಬರೋರ ಮುಖ ಕುಣಿಯುತ್ತೆ, ಯಾರು ಅಂತ ಗೊತ್ತಾಗಲ್ಲ. ಮಾತಾಡಿಸದೆ ಹೋದ್ಲು, ಸೊಕ್ಕು ಬಂದಿದೆ ಅಂತಾರೆ ಜನ. ನಿನ್ನ ಔಷಧಿ ತಂದ್ಯಾ?"

ಸೀಸೆಗಳು ಚೀಲದಲ್ಲೇ ಇದ್ದವು. "ಇಲ್ಲ ಅಕ್ಕ" ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಕೋಲಾರದಲ್ಲಿ ಬಸ್ಸು ಬದಲಾಯಿಸಿದ್ದು, ಮಾಲೂರಿಗೆ ಬಂದಿಳಿದದ್ದು ಯಾವುದೂ ನೆನಪಿಲ್ಲ. ಸಾಹೇಬರಿಗೆ ಹೇಳಲು ನಾಲಿಗೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ರಿಜಿಸ್ಟರ್ ತೆರೆದು ಹೊಸ ಪುಟದಲ್ಲಿ ಬರೆದೆ: ಪ್ರಾಣಿ ಸಂಖ್ಯೆ ೪೧. ನಿಲ್ಲುವುದು: ಕಾಲು ಅಗಲಿಸಿ. ನಡೆಯುವುದು: ತೂರಾಟ. ಕಣ್ಣು ಮುಚ್ಚಿದಾಗ: ಕೂಡಲೇ ಪಕ್ಕಕ್ಕೆ ಬೀಳುತ್ತದೆ, ಕೈ ಊರುವುದಿಲ್ಲ. ತಲೆ: ನಡೆಯುವಾಗ ಕಣ್ಣೆದುರಿನ ವಸ್ತು ಕುಣಿಯುತ್ತದೆ. ಆಹಾರ: ಸರಿಯಾಗಿದೆ. ನನಗೆ ಗೊತ್ತಿದ್ದ ಭಾಷೆ ಅದೊಂದೇ ಆಗಿತ್ತು.

ಸಾಹೇಬರು ಎಂದಿನಂತೆ ಹತ್ತು ಗಂಟೆಗೆ ಬಂದು ಪುಟ ತಿರುವಿದರು. "ನಲವತ್ತೊಂದು ಯಾವುದು? ನಮ್ಮಲ್ಲಿರುವುದು ನಲವತ್ತೇ. ಬೆಕ್ಕಿಗೆ ಕೈ ಎಲ್ಲಿಂದ ಬಂತು? ವಸ್ತು ಕುಣಿಯುತ್ತದೆ ಎಂದು ಬೆಕ್ಕು ನಿನಗೆ ಹೇಳಿತೇನು?"

"ಅದು ನಮ್ಮಕ್ಕ, ಸಾರ್."

ಸಾಹೇಬರು ಪೆನ್ನು ಕೆಳಗಿಟ್ಟರು. "ಕ್ಷಯವೇ? ದಿನಕ್ಕೆ ಎಷ್ಟು ಸೂಜಿ?" ಎಂದರು. "ಒಂದು, ಸಾರ್." "ಒಂದಕ್ಕೇ ಇಷ್ಟು ಬೇಗ ಹೀಗಾಗುವುದು ಕಡಿಮೆ. ನಡೆ" ಎಂದು ತಾವೇ ಜೀಪು ತೆಗೆದರು.

ಬೈರಕೂರಿನಲ್ಲಿ ಭಾವ ಹೊಲದಿಂದ ಓಡಿಬಂದರು. ಸಾಹೇಬರು ಕೇಳಿದ್ದಕ್ಕೆ ಮುಗ್ಧವಾಗಿ, "ಬೆಳಿಗ್ಗೆ ಆಸ್ಪತ್ರೇಲಿ ಒಂದು, ಸಾಯಂಕಾಲ ಇಲ್ಲಿ ಊರ ಡಾಕ್ಟ್ರ ಹತ್ರ ಒಂದು ಸ್ವಾಮಿ" ಎಂದರು.

ನಾನು ಕೂಗಿದೆ, "ಆಸ್ಪತ್ರೆಗೆ ಹೋಗದ ದಿನ ಮಾತ್ರ ಅಂದಿದ್ದೆನಲ್ಲ ಭಾವ!"

"ಅಂದಿದ್ದೆ ಕಣಪ್ಪ. ಗಿಡ ಬಾಡ್ತಾ ಇದ್ರೆ ಎರಡು ಹೊತ್ತು ನೀರು ಕಟ್ಟಲ್ವಾ ನಾವು? ಬೇಗ ವಾಸಿಯಾಗ್ಲಿ ಅಂತ ಎರಡೂ ಹಾಕಿಸ್ದೆ. ಅವಳು ಕೆಮ್ಮೋದು ನೋಡೋಕಾಗ್ತಿರಲಿಲ್ಲ."

ಬಾಯಿ ಮೂಸಿ ನೋಡುತ್ತಿದ್ದ ಅದೇ ಮನುಷ್ಯ, ಹೆಂಡತಿ ಬದುಕಲಿ ಎಂದು ಸಂಜೆ ಸಂಜೆ ಅವಳ ಕೈ ಹಿಡಿದು ಸೂಜಿಗೆ ನಡೆಸಿಕೊಂಡು ಹೋಗಿದ್ದ.

ಊರ ಡಾಕ್ಟ್ರು ಎಂದರೆ ಓದಿದ ಡಾಕ್ಟರಲ್ಲ, ಸೂಜಿ ಹಾಕಲು ಕಲಿತವನೊಬ್ಬ. ಅವನ ಕೋಣೆಯ ಗೋಡೆಗೂಡಿನಲ್ಲಿ ಖಾಲಿ ಸೀಸೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದ. ಸಾಹೇಬರು ಒಂದನ್ನು ಬೆಳಕಿಗೆ ಹಿಡಿದರು. ಲೇಬಲ್ ಮೇಲೆ ನೀಲಿ ಶಾಯಿಯಲ್ಲಿ 'ಕಿ', ಕೆಳಗೆ ಸಂಖ್ಯೆ. ಇನ್ನೊಂದು ತೆಗೆದರು, ಅದರಲ್ಲೂ 'ಕಿ'. ಗೂಡಿನ ತುಂಬ ನನ್ನ ಅಕ್ಷರ. ಆಸ್ಪತ್ರೆಯ ಔಷಧಿಗೆ ಹೀಗಾಗಿರಬಹುದು ಎಂದು ದಾರಿಯುದ್ದಕ್ಕೂ ನಾನು ಕಟ್ಟಿಕೊಂಡು ಬಂದಿದ್ದ ಸಮಾಧಾನವೆಲ್ಲ ಅಲ್ಲೇ ನೆಲಕಚ್ಚಿತು.

"ಇದು ಯಾರ ಬರಹ, ನಾರಾಯಣಸ್ವಾಮಿ?"

"ನಂದೇ ಸಾರ್."

ಅವರು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಅಲ್ಲೇ ಇದ್ದ ಬೆಂಚಿನ ಮೇಲೆ ಕುಳಿತು, "ಐದು ವರ್ಷದಿಂದ ನಿನಗೆ ಮೀನಿನ ಕಿವಿ ವಿವರಿಸಿದೆ. ಈ ಸೀಸೆಯಲ್ಲಿ ಮನುಷ್ಯನಿಗೆ ಎಷ್ಟು, ಎಷ್ಟಾದರೆ ಕೇಡು ಎಂದು ಒಂದು ದಿನ ಹೇಳಲಿಲ್ಲ" ಎಂದರು. ತಪ್ಪನ್ನು ತಮ್ಮ ತಲೆಗೂ ಹಾಕಿಕೊಂಡ ಮೇಲಧಿಕಾರಿಯನ್ನು ನಾನು ನನ್ನ ಇಡೀ ನೌಕರಿಯಲ್ಲಿ ಕಂಡದ್ದು ಅದೊಂದೇ ಸಲ.

ಅಲ್ಲಿಂದ ಅಕ್ಕನನ್ನು ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿದ್ದ ವಯಸ್ಸಿನಲ್ಲಿ ಚಿಕ್ಕವರಾದ ಲೇಡಿ ಡಾಕ್ಟರು ಎಲ್ಲ ಕೇಳಿ ಬೆಚ್ಚಿಬಿದ್ದರು. "ಪ್ರತಿ ವಾರ ಕೇಳಿದೀನಲ್ಲಮ್ಮ, ತಲೆ ಸುತ್ತು ಇದೆಯಾ, ನಡೆಯೋವಾಗ ಬೀಳ್ತೀಯಾ ಅಂತ. ಇಲ್ಲ ಇಲ್ಲ ಅಂತಲೇ ಹೇಳಿದ್ಯಲ್ಲ!"

ಅಕ್ಕ ಸೆರಗಿನ ತುದಿ ತಿರುವುತ್ತಾ, "ಬೀಳ್ತೀನಿ ಅಂದ್ರೆ ಸೂಜಿ ನಿಲ್ಲಿಸಿಬಿಡ್ತಾರೆ, ಸೂಜಿ ನಿಂತ್ರೆ ಬದುಕಲ್ಲ ಅಂತ ಸೂಜಿ ಸಾಲಲ್ಲಿ ನಿಂತಿದ್ದೋಳು ಅಂದಿದ್ಲು ತಾಯಿ" ಎಂದಳು.

ಸೂಜಿ ಅಂದೇ ನಿಂತಿತು. ಬೇರೆ ಮಾತ್ರೆಗಳು ಬಂದವು. ಮರಳುವಾಗ ಅಕ್ಕ ಜೀಪಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಸಾಹೇಬರನ್ನು ಕೇಳಿದಳು, "ಇದು ಸರಿಹೋಗುತ್ತಾ ಸ್ವಾಮಿ?" ಅವರು ಬಾಯಿ ತೆರೆಯುವ ಮೊದಲೇ ನಾನು ನಡುವೆ ಬಾಯಿ ಹಾಕಿದೆ. "ಹೋಗುತ್ತೆ ಅಕ್ಕ. ಆಕಾಶಕ್ಕೆ ಹೋಗಿಬಂದ ಪ್ರಾಣಿಗಳಿಗೂ ಹಿಂಗೇ ಆಗುತ್ತೆ. ಸ್ವಲ್ಪ ದಿನಕ್ಕೆ ಸರಿಹೋಗುತ್ತೆ." ಸಾಹೇಬರು ನನ್ನನ್ನೇ ನೋಡಿದರು. ಆಕಾಶದಿಂದ ಬಂದವಕ್ಕೆ ಹರಳಿನ ತೂಕ ಮರಳುತ್ತದೆ. ಅಕ್ಕನಲ್ಲಿ ಸತ್ತದ್ದು ಎಳೆಗಳು, ಅವು ಮತ್ತೆ ಹುಟ್ಟುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರು ಮತ್ತೆ ರಸ್ತೆಯ ಕಡೆ ತಿರುಗಿದರು.

ಮರುದಿನ ಎಲ್ಲ ಸಿಬ್ಬಂದಿಯ ಎದುರು ಸಾಹೇಬರು ಕೈ ಚಾಚಿದರು. ನಾನು ಕಪಾಟಿನ ಬೀಗದ ಕೈ ಕೊಟ್ಟೆ. ಅದು ಮತ್ತೆಂದೂ ನನ್ನ ಕೈಗೆ ಬರಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಒಬ್ಬನನ್ನೇ ಕರೆದು, "ವರದಿ ಮಾಡಿದರೆ ನಿನ್ನ ಕೆಲಸ ಹೋಗುತ್ತದೆ. ಕಿವಿ ಸತ್ತ ಬೆಕ್ಕುಗಳಿಗೆ ಹಲಗೆಯ ಮೇಲೆ ನಡೆಯುವುದನ್ನು ಕಲಿಸಿದವನು ನೀನು. ನಿನ್ನ ಅಕ್ಕನಿಗೆ ಬೇರೆ ಯಾರು ಕಲಿಸುತ್ತಾರೆ? ಭಾನುವಾರ ಭಾನುವಾರ ಹೋಗು" ಎಂದರು. ಬೆಕ್ಕುಗಳ ಕೆಲಸವನ್ನು ನಲವತ್ತಕ್ಕೇ ನಿಲ್ಲಿಸಿದರು. ಆ ನಲವತ್ತೊಂದನೆಯ ಪುಟವನ್ನು ಮಾತ್ರ ಹರಿಯಲು ಬಿಡಲಿಲ್ಲ.

ಬೆಕ್ಕುಗಳಿಂದ ನಾನು ಕಲಿತದ್ದು ಇಷ್ಟು. ಕಿವಿ ಹೋದ ಪ್ರಾಣಿ ಕಾಲಬುಡ ನೋಡಿದರೆ ಬೀಳುತ್ತದೆ, ದೂರದ ಒಂದೇ ವಸ್ತುವನ್ನು ನೋಡಿದರೆ ನಡೆಯುತ್ತದೆ. ಪಾದಕ್ಕೆ ನೆಲದ ಒರಟು ತಿಳಿಯಬೇಕು. ದಿನವೂ ನಡೆಯಬೇಕು, ಬಿದ್ದರೂ ನಡೆಯಬೇಕು. ಹಿಪ್ಪುನೇರಳೆ ಸಾಲುಗಳ ನಡುವಿನ ಬದುವೇ ನಮ್ಮ ಹಲಗೆಯಾಯಿತು. ಬದುವಿನ ಕೊನೆಗೆ ಭಾವ ಒಂದು ಕಲ್ಲುಕಂಬ ನೆಟ್ಟು ಸುಣ್ಣ ಬಳಿದರು. ಅಕ್ಕ ಬರಿಗಾಲಲ್ಲಿ, ಕಂಬದ ಮೇಲೆ ಕಣ್ಣಿಟ್ಟು ನಡೆಯಬೇಕು. ಮೊದಲ ದಿನ ನಾಲ್ಕು ಹೆಜ್ಜೆಗೆ ಬಿದ್ದಳು. ಬೇಲಿಯಾಚೆ ನಿಂತು ನಕ್ಕವರಿಗೆ ಅತ್ತೆಯೇ ಉತ್ತರ ಕೊಟ್ಟರು. ತೆಲುಗಿನ ಆ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಭಾವ ಸಂಜೆ ಬಾಯಿ ಮೂಸುವುದನ್ನು ಬಿಟ್ಟರು. ಅಕ್ಕ ಮುಖ ತೊಳೆಯುವಾಗ ಅವಳ ಹಿಂದೆ ನಿಂತು ಎರಡೂ ಭುಜ ಹಿಡಿದುಕೊಳ್ಳುವುದನ್ನು ರೂಢಿ ಮಾಡಿಕೊಂಡರು.

ವರ್ಷ ತುಂಬುವ ಹೊತ್ತಿಗೆ ಕ್ಷಯ ವಾಸಿಯಾಯಿತು. ಎರಡನೆಯ ವರ್ಷ ಅಕ್ಕ ತಲೆಯ ಮೇಲೆ ಸೊಪ್ಪಿನ ಹೊರೆ ಇಟ್ಟುಕೊಂಡು ಇಡೀ ಬದು ದಾಟಿದಳು. ನಾನು ಹೋದಾಗಲೆಲ್ಲ, "ಇನ್ನೂ ಎಷ್ಟು ದಿನ ಕಣೋ ಪೂರ್ತಿ ಸರಿಹೋಗೋಕೆ?" ಎನ್ನುತ್ತಿದ್ದಳು. "ಇನ್ನು ಸ್ವಲ್ಪ ದಿನ" ಎನ್ನುತ್ತಿದ್ದೆ. ಹಾಗೆ ಹೇಳುತ್ತಾ ಆರು ವರ್ಷ ಕಳೆದೆ.

ಎಂಬತ್ತರ ದಶಕದಲ್ಲಿ ನಮ್ಮ ದೇಶದವರೊಬ್ಬರು ಆಕಾಶಕ್ಕೆ ಹೋಗಿಬಂದದ್ದು ನಿಮಗೆ ಗೊತ್ತು. ಬೈರಕೂರಿನಲ್ಲೂ ರೇಡಿಯೋ ಸುತ್ತ ಜನ ಸೇರಿದ್ದರು. ಅವರು ನೆಲಕ್ಕೆ ಇಳಿದ ಸುದ್ದಿ ಬಂದ ಮೇಲಿನ ಭಾನುವಾರ ನಾನು ಹೋದೆ. ಭಾವ ಸಂತೆಗೆ ಹೋಗಿದ್ದರು. ಅಕ್ಕ ಚೊಂಬು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದವಳು ನನ್ನನ್ನು ನೋಡಿ ಕೇಳಿದಳು, "ಆಕಾಶಕ್ಕೆ ಹೋಗಿ ಬಂದೋರಿಗೆ ಮುಖ ತೊಳೆಯೋವಾಗ ಯಾರು ಹಿಡ್ಕೋತಾರೋ?"

"ಅವರಿಗೆ ಸ್ವಲ್ಪ ದಿನ ಅಷ್ಟೇ ಅಕ್ಕ. ಆಮೇಲೆ ಯಾರೂ ಹಿಡ್ಕೋಬೇಕಾಗಿಲ್ಲ" ಎಂದೆ. ಇನ್ನು ತಡೆಯಲಾಗಲಿಲ್ಲ. "ನಿನಗೆ ಸರಿಹೋಗಲ್ಲ ಅಕ್ಕ. ಮೊದಲನೇ ದಿನದಿಂದ ನನಗೆ ಗೊತ್ತಿತ್ತು. ಕಿವಿ ಒಳಗೆ ಇರೋದು ಸತ್ತುಹೋಗಿದೆ. ನಾನು ತಂದ ಔಷಧಿಯಿಂದಲೇ ಸತ್ತಿದ್ದು. ಸುಳ್ಳು ಹೇಳ್ಕೊಂಡು ಬಂದೆ."

ಅವಳು ಅಳಬಹುದು, ಚೊಂಬು ಎಸೆಯಬಹುದು, ಇನ್ನು ಈ ಮನೆಗೆ ಬರಬೇಡ ಎನ್ನಬಹುದು ಎಂದು ತಲೆ ತಗ್ಗಿಸಿ ನಿಂತಿದ್ದೆ. ಅವಳು ತೋಟದ ಕಡೆ ನೋಡಿದಳು. ಬದುವಿನ ಕೊನೆಯಲ್ಲಿ ಸುಣ್ಣದ ಕಂಬ ಬಿಸಿಲಿಗೆ ಹೊಳೆಯುತ್ತಿತ್ತು.

"ಹಂಗಾದ್ರೆ ಆರು ವರ್ಷ ಆ ಬದು ಮೇಲೆ ನಡೆದೋಳು ನಾನೇನಾ? ಕಿವಿ ಒಂಚೂರು ಒಂಚೂರು ಸರಿಹೋಗ್ತಾ ಇದೆ, ಅದೇ ನಡೆಸ್ತಾ ಇದೆ ಅಂದ್ಕೊಂಡಿದ್ದೆ."

"ನೀನೇ ಅಕ್ಕ. ಕಿವಿ ಏನೂ ಮಾಡಿಲ್ಲ."

"ಹೊರೆ ಹೊತ್ಕೊಂಡಿದ್ದೂ ನಾನೇ?"

"ನೀನೇ."

ಅವಳ ಕಣ್ಣಲ್ಲಿ ನೀರು ತುಂಬಿತು. ಆದರೆ ಮುಖದಲ್ಲಿ ನಾನು ಕಂಡದ್ದು ದುಃಖವಲ್ಲ, ನಾನು ಎಂದೂ ನಿರೀಕ್ಷಿಸದ ಒಂದು ಗತ್ತು. ಅದನ್ನು ಕಂಡು ನನಗೆ ಬಚ್ಚಲಲ್ಲಿ ಅವಳು ಬಿದ್ದ ದಿನಕ್ಕಿಂತ ಹೆಚ್ಚು ದಿಗ್ಭ್ರಮೆಯಾಯಿತು. ಆರು ವರ್ಷ ಸುಳ್ಳು ಹೇಳಿ ನಾನು ಅವಳಿಂದ ಮುಚ್ಚಿಟ್ಟಿದ್ದು ಇದನ್ನು ಕೂಡ.

"ಬಡ್ಡಿಮಗನೇ, ಮೊದಲೇ ಹೇಳಿದ್ರೆ ಊರೋರ ಮುಂದೆ ಒಂಚೂರು ಜಂಬ ಆದ್ರೂ ಪಡ್ತಿದ್ದೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಾ, ನಿಮ್ಮ ಭಾವ ಇಲ್ಲ. ಗಟ್ಟಿಯಾಗಿ ಹಿಡ್ಕೋ."

ನಾನು ಹಿಂದೆ ನಿಂತು ಎರಡೂ ಭುಜ ಹಿಡಿದುಕೊಂಡೆ. ಅಕ್ಕ ಕಣ್ಣು ಮುಚ್ಚಿ ಮುಖ ತೊಳೆದುಕೊಂಡಳು.